ಬಲ್ಬಿನ ಕೆಳಗೆ ಹನ್ನೆರಡು ಮೊಟ್ಟೆ

ನಮ್ಮದು ಯಳಂದೂರಿನ ಪಕ್ಕದ ಹಳ್ಳಿ. ನಮ್ಮ ಮನೆಯ ಹೊಸಿಲನ್ನು ಮೊಟ್ಟೆ ದಾಟಿದ್ದಿಲ್ಲ. ಮೊಟ್ಟೆ ಎಂಬ ಪದ ದಾಟುವುದೂ ಕಷ್ಟವಿತ್ತು. ನಾಲ್ಕನೇ ತರಗತಿಯಲ್ಲಿ ಲೆಕ್ಕಕ್ಕೆ ಮೊಟ್ಟೆ ಬಂದಿದೆ ಎಂದು ಊಟದ ಹೊತ್ತಿನಲ್ಲಿ ಒಪ್ಪಿಕೊಂಡಾಗ ಅಪ್ಪ ಬೈದದ್ದು ಸೊನ್ನೆಗಲ್ಲ, ಆ ಪದಕ್ಕೆ. ಅಂಥ ಮನೆಯಿಂದ ಬಂದ ನಾನು ಬಿ.ಎಸ್ಸಿ., ಬಿ.ಎಡ್. ಮುಗಿಸಿ, ಹನೂರು ದಾಟಿ ಒಡೆಯರಪಾಳ್ಯದ ಕಡೆಗೆ ಹೋಗುವ ದಾರಿಯ ಒಂದು ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದೆ. ಕೊಳ್ಳೇಗಾಲದಲ್ಲಿ ಬಾಡಿಗೆ ಮನೆ, ದಿನಾ ಎರಡು ಬಸ್ಸು. ಅಮಾವಾಸ್ಯೆಯ ಹಿಂದುಮುಂದೆ ಬೆಟ್ಟದ ದೇವರಿಗೆ ಹೋಗುವ ಜನರ ನಡುವೆ ಹನೂರಿನ ತನಕ ಒಂಟಿಕಾಲಲ್ಲಿ ನಿಲ್ಲಬೇಕು. ಹಾಗೆ ನಿಂತುಕೊಂಡೇ ನಾನು ಬೇರೆ ಶಾಲೆಯ ಮೇಷ್ಟ್ರುಗಳಿಗೆ ನನ್ನ ಎಂಟನೇ ತರಗತಿಯ ಒಬ್ಬ ಹುಡುಗಿಯ ವಿಷಯವನ್ನು ಜಂಬದಿಂದ ಹೇಳುತ್ತಿದ್ದೆ.

ಆ ಹುಡುಗಿ ಮೂರನೇ ಸಾಲಿನಲ್ಲಿ ಕೂರುತ್ತಿದ್ದಳು. ಅಪ್ಪ ಅವ್ವ ಕುಂತೂರಿನ ಕಡೆ ಕಬ್ಬು ಕಡಿಯಲು ಹೋದರೆ ತಿಂಗಳುಗಟ್ಟಲೆ ಬರುತ್ತಿರಲಿಲ್ಲ. ಅವಳಿದ್ದದ್ದು ಶಾಲೆಯ ಹಿಂದುಗಡೆಯೇ ಇದ್ದ ಅಜ್ಜಿಯ ಮನೆಯಲ್ಲಿ. ನಲವತ್ತು ಮಕ್ಕಳ ತರಗತಿಯಲ್ಲಿ ನಾನು ಏನು ಹೇಳಿದರೂ ಮೂವತ್ತೊಂಬತ್ತು ತಲೆಗಳು ಮೇಲೆ ಕೆಳಗೆ ಆಡುತ್ತಿದ್ದವು. ಅವಳದು ಮಾತ್ರ ಒಂದೊಂದು ಸಲ ಅಡ್ಡ ಆಡುತ್ತಿತ್ತು. "ಅಲ್ಲ ಸಾ" ಅನ್ನುತ್ತಿದ್ದಳು. ಸೂರ್ಯ ಪೂರ್ವದಲ್ಲಿ ಹುಟ್ಟುತ್ತಾನೆ ಎಂದು ನಾನು ಕಿಟಕಿಯ ಕಡೆ ಕೈ ಚಾಚಿ ತೋರಿಸಿದ ದಿನ ಎದ್ದು ನಿಂತು, "ಅಲ್ಲ ಸಾ. ಅಲ್ಲುಟ್ಟೋದು ಉಗಾದಿ ಟೈಮಲ್ಲಿ. ಈಗ ಗುಡ್ಡದ ಆ ಕಡೀಕೆ ಸರ್ಕಂಡವ್ನೆ" ಎಂದಳು. ಮಾರನೆಯ ದಿನ ಮೊದಲ ಬಸ್ಸಿಗೇ ಬಂದು ನೋಡಿದೆ. ಸರಿದುಕೊಂಡಿದ್ದ.

ಹದಿಮೂರು ವರ್ಷದ ನೌಕರಿಯಲ್ಲಿ ನನ್ನ ಪಾಠವನ್ನು ಕಿವಿಯಿಟ್ಟು ಕೇಳಿದ ಪುರಾವೆ ಅದೊಂದೇ. 'ಅಲ್ಲ ಸಾ' ಎಂಬ ಆ ಎರಡು ಮಾತಿಗಾಗಿ ಎರಡು ಬಸ್ಸು ಹತ್ತುವುದರಲ್ಲಿ ಒಂದು ಅರ್ಥವಿತ್ತು. ಅದನ್ನು ನಾನೇ ಕೈಯಾರೆ ಹಾಳು ಮಾಡಿದೆ. ಹೇಗೆ ಎಂದು ಹೇಳುವುದಕ್ಕೆ ನಾಚಿಕೆಯಾಗುತ್ತದೆ, ಆದರೆ ನಾಚಿಕೆಪಡುವವರು ಮೊದಲೇ ಪಡಬೇಕಿತ್ತು.

ಅದು ಶುರುವಾದದ್ದು ಮೊಬೈಲಿನಿಂದ. ಈಗ ಎಲ್ಲ ಶುರುವಾಗುವುದೂ ಅಲ್ಲಿಂದಲೇ ತಾನೆ? ಮಕ್ಕಳಿಂದ ಏನಾದರೂ ಮಾಡಿಸಿ, ಫೋಟೋ ಹಾಕಿ ಎಂದು ಮೇಲಿನಿಂದ ಸಂದೇಶ ಬಂದಿತ್ತು. ಕಲಿಸಿ ಎಂದಿರಲಿಲ್ಲ, ಫೋಟೋ ಹಾಕಿ ಎಂದಿತ್ತು. ನಮ್ಮ ಹೆಡ್‌ಮಾಸ್ಟರು ಕೊಳ್ಳೇಗಾಲದವರು, ಫೋಟೋ ಎಂದರೆ ಅಂಗಿಯ ಕಾಲರ್ ಸರಿಮಾಡಿಕೊಳ್ಳುವವರು. ಯಾವುದೋ ದೊಡ್ಡ ಶಾಲೆಯಲ್ಲಿ ಮಕ್ಕಳು ಬಲ್ಬಿನ ಕಾವಿನಲ್ಲಿ ಮೊಟ್ಟೆ ಒಡೆಸಿ ಮರಿ ಮಾಡಿದ ವಿಡಿಯೋವನ್ನು ನನಗೆ ಕಳಿಸಿ, "ಇದನ್ನ ಮಾಡಿಬಿಡ್ರಿ. ಇಲಾಖೆ ಸಾಹೇಬರು ಶಾಲೆ ನೋಡೋಕೆ ಬರೋ ದಿನಕ್ಕೆ ಸರಿಯಾಗಿ ಮರಿ ಹೊರಗೆ ಬರ್ಬೇಕು" ಎಂದರು. ಮರಿಗಳಿಗೂ ಆಫೀಸ್ ಆರ್ಡರ್ ತಲುಪುತ್ತದೆ ಎಂಬಂತೆ ಹೇಳಿದರು. ನಾನೂ ತಲೆಯಾಡಿಸಿದೆ. ಸಾಹೇಬರು ಬರುವ ದಿನದಿಂದ ಇಪ್ಪತ್ತೆರಡು ದಿನ ಹಿಂದಕ್ಕೆ ಎಣಿಸಿ ಒಂದು ಬುಧವಾರ ಗೊತ್ತು ಮಾಡಿದೆ.

ಕೊಳ್ಳೇಗಾಲದ ಮೆಡಿಕಲ್ ಸ್ಟೋರಿನಲ್ಲಿ ಬೇಡಿ ಒಂದು ಥರ್ಮೋಕೋಲ್ ಪೆಟ್ಟಿಗೆ ತಂದೆ. ಅರವತ್ತು ವಾಟಿನ ಹಳೆಯ ಬಲ್ಬು, ಒಂದು ಥರ್ಮಾಮೀಟರು, ತೇವಕ್ಕೆಂದು ಒಂದು ಬಟ್ಟಲು ನೀರು. ಪೆಟ್ಟಿಗೆಗೆ ಗಾಜಿನ ಕಿಟಕಿ ಕೂಡಿಸಿದೆ. ನೋಡಲು ಚೆನ್ನಾಗಿಯೇ ಇತ್ತು. ಇನ್ನು ಮೊಟ್ಟೆ. ಅದಕ್ಕೇನು ಚಿಂತೆ, ಬಿಸಿಯೂಟಕ್ಕೆ ಹನೂರಿನ ಅಂಗಡಿಯಿಂದ ಟ್ರೇಗಟ್ಟಲೆ ಬರುತ್ತಿತ್ತಲ್ಲ! ಅಡುಗೆಯಮ್ಮನನ್ನು ಕರೆದು ಹನ್ನೆರಡು ಮೊಟ್ಟೆ ಎತ್ತಿಡಲು ಹೇಳಿದೆ.

"ಯಾತಕ್ಕೆ ಸಾ?" ಎಂದಳು.

"ಮರಿ ಮಾಡ್ಸೋಕೆ."

ಅವಳು ಒಂದು ಗಳಿಗೆ ನನ್ನ ಮುಖ ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಒಲೆಯ ಹೊಗೆ ಎಂದುಕೊಂಡೆ. ಒಲೆ ಗ್ಯಾಸಿನದು.

ಬುಧವಾರ ಪೆಟ್ಟಿಗೆಯನ್ನು ಎಂಟನೇ ತರಗತಿಯ ಮೇಜಿನ ಮೇಲಿಟ್ಟು, ಕರ್ಚೀಫಿನಲ್ಲಿ ಹಿಡಿದು ಒಂದೊಂದೇ ಮೊಟ್ಟೆ ಒಳಗಿಟ್ಟೆ. ಜನ್ಮದಲ್ಲಿ ಮೊದಲ ಸಲ ಮೊಟ್ಟೆ ಮುಟ್ಟುತ್ತಿದ್ದೆ, ಅದೂ ಬಟ್ಟೆಯ ಮರೆಯಲ್ಲಿ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ನನ್ನ ಶಾಸ್ತ್ರಕ್ಕೆ ಗೌರವ ಕೊಡುತ್ತಿದ್ದಾರೆ ಎಂದು ಭಾವಿಸಿದೆ. ಬಲ್ಬು ಹೊತ್ತಿಸಿ, ಇಪ್ಪತ್ತೊಂದು ದಿನಕ್ಕೆ ಇದರಿಂದ ಮರಿ ಬರುತ್ತದೆ, ಕೋಳಿಯೇ ಬೇಕಿಲ್ಲ, ಇದಕ್ಕೇ ವಿಜ್ಞಾನ ಅನ್ನುವುದು ಎಂದು ಭಾಷಣ ಮಾಡಿದೆ. ಮೂವತ್ತೊಂಬತ್ತು ತಲೆಗಳು ಆಡಿದವು.

"ಅಲ್ಲ ಸಾ" ಎಂದು ಅವಳು ಎದ್ದಳು. "ಇವು ಫಾರಂ ಮೊಟ್ಟೆ. ಇವು ಪಿಳ್ಳೆ ಆಗಕಿಲ್ಲ ಸಾ."

ಬೇರೆ ಯಾವ ದಿನವಾದರೂ ನಾನು ಯಾಕೆ ಎಂದು ಕೇಳುತ್ತಿದ್ದೆ. ಕೇಳಿದ್ದರೆ ಅವಳು ಹೇಳುತ್ತಿದ್ದಳು, ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಅವತ್ತು ಬಾಗಿಲಲ್ಲಿ ಹೆಡ್‌ಮಾಸ್ಟರು ಮೊಬೈಲ್ ಹಿಡಿದು ವಿಡಿಯೋ ಮಾಡುತ್ತಿದ್ದರು.

"ಯಾರು ಹೇಳಿದ್ದು ನಿಂಗೆ?" ಎಂದೆ.

"ನಮ್ಮಜ್ಜಿ ಸಾ. ಅಜ್ಜಿ ಏಂಟೇನ ಕಾವಿಗೆ ಕೂರ್ಸುವಾಗ..."

"ಓಹೋ, ಅಜ್ಜಿ! ನಿಮ್ಮಜ್ಜಿ ಯಾವ ಕಾಲೇಜಲ್ಲಿ ಓದಿದ್ದು? ಮೊಟ್ಟೆ ಜೊತೆ ಇದ್ದಿಲು ಇಡೋ ಅಜ್ಜಿ ತಾನೆ?"

ಆ ಕಡೆ ಹೇಂಟೆಯನ್ನು ಕಾವಿಗೆ ಕೂರಿಸುವಾಗ ಮಂಕರಿಯಲ್ಲಿ ಬೆಸ ಸಂಖ್ಯೆಯ ಮೊಟ್ಟೆ ಇಟ್ಟು, ಗುಡುಗಿಗೆ ಮೊಟ್ಟೆ ಕೆಡದಿರಲಿ ಎಂದು ಒಂದು ಇದ್ದಿಲು, ಒಂದು ಚೂರು ಕಬ್ಬಿಣ ಇಡುತ್ತಾರೆ. ಅದನ್ನು ನನಗೆ ಹಿಂದೊಮ್ಮೆ ಹೇಳಿದ್ದೂ ಅವಳೇ. ನನ್ನ ಮೇಲೆ ನಂಬಿಕೆಯಿಟ್ಟು ಹೇಳಿದ್ದನ್ನು ಅವಳಿಗೇ ತಿರುಗಿಸಿ ಎಸೆದೆ. ಬೋರ್ಡಿನ ಮೇಲೆ ದೊಡ್ಡದಾಗಿ 'ಮೂಢನಂಬಿಕೆ' ಎಂದು ಬರೆದು ಅಡಿಗೆರೆ ಎಳೆದೆ. ಮಕ್ಕಳು ನಕ್ಕರು, ನಾನು ನಗುವಂತೆ ಮಾಡಿದ್ದೆ. ವಿಡಿಯೋ ಮುಗಿಯುವ ತನಕ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ವಿಡಿಯೋ ಮುಗಿದ ಮೇಲೆ ಒಳಗೆ ಕರೆಯುವುದು ಮರೆತುಹೋಯಿತು. ಬೆಲ್ಲು ಹೊಡೆದಾಗ ನೋಡಿದರೆ ಬಿಸಿಲಿನಲ್ಲಿ ಹಾಗೆಯೇ ನಿಂತಿದ್ದಳು.

ನಾಚಿಕೆಗೇಡಿನ ಇನ್ನೊಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಅದೇ ತರಗತಿಗೆ ತಿಂಗಳ ಹಿಂದೆಯಷ್ಟೇ ನಾನು ಪ್ರಾಣಿಗಳ ಸಂತಾನೋತ್ಪತ್ತಿ ಪಾಠ ಮಾಡಿದ್ದೆ. ಗಂಡು ಹೆಣ್ಣು ಸೇರದೆ ಭ್ರೂಣವಿಲ್ಲ ಎಂದು ಬಣ್ಣದ ಸೀಮೆಸುಣ್ಣದಲ್ಲಿ ಚಿತ್ರ ಬರೆದು, ಬಾಯಿಪಾಠ ಮಾಡಿಸಿ, ಟೆಸ್ಟ್ ಕೊಟ್ಟು, ಕೆಂಪು ಶಾಯಿಯಲ್ಲಿ ತಿದ್ದಿದ್ದೆ. ಅದು ನನ್ನ ತಲೆಯಲ್ಲಿ ಪುಸ್ತಕದ ಬದನೆಕಾಯಿಯಾಗಿಯೇ ಇತ್ತು. ಫಾರಂ ಕೋಳಿಗಳ ಜೊತೆ ಹುಂಜ ಇರುವುದಿಲ್ಲ, ಹುಂಜವಿಲ್ಲದ ಮೊಟ್ಟೆ ಮರಿಯಾಗುವುದಿಲ್ಲ ಎಂಬ ಮಾತು ಆ ಊರಿನ ಮೂರನೇ ತರಗತಿಯ ಮಗುವಿಗೂ ಗೊತ್ತಿತ್ತು. ಗೊತ್ತಿಲ್ಲದವರು ಇಡೀ ಶಾಲೆಯಲ್ಲಿ ಇಬ್ಬರೇ, ಇಬ್ಬರೂ ಸಂಬಳ ತೆಗೆದುಕೊಳ್ಳುವವರು. ಹೆಡ್‌ಮಾಸ್ಟರದೂ ಮೊಟ್ಟೆ ಮುಟ್ಟದ ಮನೆ.

ಏಳನೇ ದಿನ ಮೊಬೈಲ್ ಟಾರ್ಚ್ ಹಾಕಿ ಒಂದು ಮೊಟ್ಟೆಯನ್ನು ಬೆಳಕಿಗೆ ಹಿಡಿದೆ. ರಕ್ತನಾಳ ಕಾಣಬೇಕು ಎಂದು ವಿಡಿಯೋದಲ್ಲಿತ್ತು. ಕಾಣಬೇಕು ಅಂದಮೇಲೆ ಕಂಡಿತು. ಹೆಡ್‌ಮಾಸ್ಟರು ನನಗಿಂತ ಮುಂದೆ ಹೋಗಿ, "ಏನ್ರೀ, ಕಣ್ಣು ಮಿಟುಕಿಸ್ತಾ ಇದೆ!" ಎಂದರು. ಮಕ್ಕಳು ಸಾಲಾಗಿ ಬಂದು ನೋಡಿ ಹೌದು ಸಾ, ಹೌದು ಸಾ ಎಂದು ಹೋದರು. ಅವಳ ಸರದಿ ಬಂತು. ಬಾಗಿ ನೋಡಿದಳು.

"ಏನು ಕಾಣುತ್ತಮ್ಮಾ?" ಎಂದೆ.

"ಮೊಟ್ಟೆ ಸಾ."

ಹೇಳಿ ತನ್ನ ಜಾಗಕ್ಕೆ ಹೋಗಿ ಕೂತಳು. ಅವಳ ಬಾಯಿಂದ ನನ್ನ ತರಗತಿಯಲ್ಲಿ ಬಂದ ಕೊನೆಯ ನಿಜ ಅದು ಎಂದು ಆಗ ಗೊತ್ತಾಗಲಿಲ್ಲ.

ಮುಂದಿನ ದಿನಗಳು ಬಲ್ಬಿನ ಸೇವೆಯಲ್ಲಿ ಕಳೆದವು. ಕರೆಂಟು ಹೋದರೆ ಹೆಡ್‌ಮಾಸ್ಟರು ತಮ್ಮ ಶಾಲು ಹೊದಿಸುತ್ತಿದ್ದರು. ಸನ್ಮಾನದಲ್ಲಿ ಬಂದ ಶಾಲು. ಅದಕ್ಕಿಂತ ಒಳ್ಳೆಯ ಉಪಯೋಗ ಅದಕ್ಕೆ ಸಿಕ್ಕಿರಲಾರದು. ಮಕ್ಕಳಿಗೆ ಸರದಿ ಹಾಕಿ ದಿನಕ್ಕೆ ಮೂರು ಸಲ ಮೊಟ್ಟೆ ತಿರುಗಿಸುವ ಕೆಲಸ ಕೊಟ್ಟೆ. ಆಗುವುದಿಲ್ಲ ಎಂದು ಗೊತ್ತಿದ್ದೂ ಆ ನಲವತ್ತು ಮಕ್ಕಳು ಅಷ್ಟು ಶ್ರದ್ಧೆಯಿಂದ ತಿರುಗಿಸಿದರು. ವಿಧೇಯತೆ ಎಂದರೆ ಅದು. ಅದನ್ನು ಕಲಿಸುವುದರಲ್ಲಿ ಮಾತ್ರ ನಮ್ಮ ಶಾಲೆಗಳನ್ನು ಮೀರಿಸುವವರಿಲ್ಲ.

ಇಪ್ಪತ್ತನೇ ದಿನ, ಲೆಕ್ಕದ ಪಿರಿಯಡ್ಡಿನಲ್ಲಿ, ಪೆಟ್ಟಿಗೆಯೊಳಗೆ ಠಪ್ ಎಂಬ ಸದ್ದಾಯಿತು. ಮರಿ ಬಂತು ಎಂದು ಓಡಿದೆ. ಗಾಜಿನ ಕಿಟಕಿ ಹಳದಿ ಹಸಿರಾಗಿತ್ತು. ಮುಚ್ಚಳ ತೆಗೆದ ಮೇಲೆ ಬಂದ ನಾತವನ್ನು ಬರೆಯಲಾರೆ. ಎಂಟನೇ ತರಗತಿಯನ್ನು ಎರಡು ದಿನ ಆಲದ ಮರದ ಕೆಳಗೆ ನಡೆಸಬೇಕಾಯಿತು ಎಂದರೆ ಸಾಕು. ಅಡುಗೆಯಮ್ಮ ಬೂದಿ ತಂದು ಸುರಿದಳು. ಮೂಗಿಗೆ ಕರ್ಚೀಫು ಹಿಡಿದು ನಿಂತಿದ್ದ ನನ್ನನ್ನು ನೋಡಿ ಅವಳಿಗೆ ಕನಿಕರ ಬಂದಿರಬೇಕು.

"ಉಂಜ ಇಲ್ದೆ ಪಿಳ್ಳೆ ಎಲ್ಲಿಂದ ಬಂದಾತು ಸಾ?" ಎಂದಳು.

ಆ ಒಂದು ಮಾತಿಗೆ ಹದಿಮೂರು ವರ್ಷದ ಪಾಠವೆಲ್ಲ ತಲೆಯೊಳಗೆ ಒಟ್ಟಿಗೆ ಅರ್ಥವಾಯಿತು. ಓದು ಒಕ್ಕಾಲು, ಬುದ್ಧಿ ಮುಕ್ಕಾಲು ಅನ್ನುತ್ತಾರೆ. ನನ್ನ ಹತ್ತಿರ ಇದ್ದದ್ದು ಒಕ್ಕಾಲು ಮಾತ್ರ.

"ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ ನೀನು?" ಎಂದು ರೇಗಿದೆ.

"ನಾ ಯಾಕೆ ಏಳ್ಲಿ ಸಾ? ಏಳಿದ ಮಗೀನ ಒರಗೆ ನಿಲ್ಸುದ್ರಿ. ನಾನೂ ಒಲೆ ಬುಟ್ಟು ಒರಗೆ ನಿಂತ್ಕಂಡ್ರೆ ಈ ಮಕ್ಕಳಿಗೆ ಅನ್ನ ಯಾರು ಬೇಯ್ಸಾರು?"

ಸಾಹೇಬರು ಬರುವುದಕ್ಕೆ ಇನ್ನು ಎರಡೇ ದಿನ. ಬರುವುದು ಬೇಡ, ಪ್ರಯೋಗ ಸೋತಿತು ಎಂದು ಫೋನು ಮಾಡೋಣ ಎಂದೆ. ಸೋಲುವುದೂ ವಿಜ್ಞಾನವೇ ಎಂದು ವಾದ ಮಾಡಿದೆ. ಹೆಡ್‌ಮಾಸ್ಟರು ನನ್ನನ್ನು ಹುಚ್ಚನಂತೆ ನೋಡಿದರು. ಇಲಾಖೆಯ ಮೊಬೈಲ್ ಗ್ರೂಪಿನಲ್ಲಿ ಕಣ್ಣು ಮಿಟುಕಿಸುವ ಮೊಟ್ಟೆಯ ಸುದ್ದಿ ಆಗಲೇ ಹೋಗಿತ್ತು, ಹೆಬ್ಬೆರಳುಗಳು ಬಂದಿದ್ದವು. "ಊರಲ್ಲಿ ಕೋಳಿಮರಿಗೆ ಬರವೇನ್ರೀ?" ಎಂದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಬಾರದು. ನನ್ನ ವಾದ ಅಲ್ಲಿಗೆ ನಿಂತಿತು. ನಿಲ್ಲಿಸಿದವನು ನಾನೇ.

ಆ ದಿನಕ್ಕೆ ಸರಿಯಾದ, ಒಂದು ದಿನದ ಮರಿಗಳು ಊರಿನಲ್ಲಿ ಒಂದೇ ಮನೆಯಲ್ಲಿದ್ದವು. ಯಾವ ಮನೆ ಎಂದು ಬೇರೆ ಹೇಳಬೇಕೆ? ಇಪ್ಪತ್ತೆರಡನೇ ದಿನ ಬೆಳಿಗ್ಗೆ ಅಡುಗೆಯಮ್ಮ ಹೋಗಿ ಕೇಳಿದಳು; ನನಗೆ ಮುಖವಿರಲಿಲ್ಲ. ಒಂಬತ್ತು ಮರಿಗಳನ್ನು ಮಂಕರಿಯಲ್ಲಿ ಹೊತ್ತುಕೊಂಡು ಬಂದವಳು ಆ ಹುಡುಗಿಯೇ. ತೊಳೆದು, ಊದುಬತ್ತಿ ಹಚ್ಚಿಟ್ಟ ತರಗತಿಯಲ್ಲಿ, ತೊಳೆದ ಪೆಟ್ಟಿಗೆಗೆ ಒಂದೊಂದನ್ನೇ ಅಂಗೈಯಲ್ಲಿ ಎತ್ತಿ ಬಿಟ್ಟಳು. ಅವಳ ಕೈಯಲ್ಲಿ ಕರ್ಚೀಫು ಇರಲಿಲ್ಲ.

"ಸಂಜೆಗೆ ತಂದ್ಬುಡ್ಬೇಕಂತೆ ಸಾ. ತಾಯಿ ಕೂಗ್ತದಂತೆ" ಎಂದಳು. ಅಷ್ಟೇ.

ಸಾಹೇಬರು ಹನ್ನೊಂದಕ್ಕೆ ಬಂದರು. ಅವರೇನೂ ಮೊಟ್ಟೆ ಮುಟ್ಟದವರಲ್ಲ. ಆದರೆ ಕೋಳಿಯನ್ನು ಅವರು ತಟ್ಟೆಯಲ್ಲಿ ಮಾತ್ರ ಬಲ್ಲವರು. ಪೆಟ್ಟಿಗೆಯ ಮುಂದೆ ಮಂಡಿಯೂರಿ ಕೂತು ಫೋಟೋ ತೆಗೆಸಿಕೊಂಡರು. ಒಡೆದ ಚಿಪ್ಪು ಒಂದೂ ಇಲ್ಲವಲ್ಲ ಎಂದು ಕೇಳುವಷ್ಟು ಬುದ್ಧಿಯೂ ಅಲ್ಲಿದ್ದ ದೊಡ್ಡವರಿಗೆ ಇರಲಿಲ್ಲ. ಅವರು ಕೇಳಿದ್ದು ಬೇರೆ. ತಿರುಗಿ, ಹತ್ತಿರ ನಿಂತಿದ್ದ ಅವಳನ್ನೇ ಕರೆದು, "ಈ ಮರಿಗಳು ಹೇಗೆ ಬಂದವು, ಹೇಳಮ್ಮಾ?" ಎಂದರು.

ಅವಳು ನನ್ನ ಮುಖ ನೋಡಿದಳು. ನಿಜ ಹೇಳು ಎಂದು ಒಂದು ಸಲ ತಲೆಯಾಡಿಸಿದ್ದರೆ ಸಾಕಿತ್ತು. ಅಷ್ಟೂ ಬೇಡ, ನಾನು ಸುಮ್ಮನೆ ಅವಳನ್ನು ತಿರುಗಿ ನೋಡಿದ್ದರೂ ಸಾಕಿತ್ತೇನೋ. ನಾನು ಥರ್ಮಾಮೀಟರು ನೋಡುತ್ತಾ ನಿಂತೆ.

"ನಮ್ಮ ಸಾರು ಬಲ್ಬಲ್ಲಿ ಮಾಡ್ಸುದ್ರು ಸಾ" ಎಂದಳು. "ದಿನಾ ಮೂರು ಸಲ ತಿರುಗ್ಸುದ್ವಿ."

ಸಾಹೇಬರು ಭೇಷ್ ಎನ್ನುತ್ತಿದ್ದಂತೆ ಬಾಗಿಲಲ್ಲಿ ಗಲಾಟೆಯಾಯಿತು. ಅಜ್ಜಿಯ ಮನೆಯಲ್ಲಿ ಪಂಜರದ ಕೆಳಗೆ ಮುಚ್ಚಿಟ್ಟಿದ್ದ ತಾಯಿಕೋಳಿ ಹೇಗೋ ನುಗ್ಗಿಕೊಂಡು ಬಂದಿತ್ತು. ಪುಕ್ಕವೆಲ್ಲ ಕೆದರಿಕೊಂಡು, ಕೊಕ್ಕೊಕ್ಕೊ ಎಂದು ಕೂಗುತ್ತಾ ನೆಟ್ಟಗೆ ಸಾಹೇಬರ ಬೂಟಿಗೆ ಕುಕ್ಕಿತು. ಪೆಟ್ಟಿಗೆಯಲ್ಲಿ ಒಂಬತ್ತು ಮರಿಗಳೂ ಕೊರಳೆತ್ತಿ ಚೀರತೊಡಗಿದವು. ಇನ್ನು ಮುಗಿಯಿತು ಎಂದು ನಾನು ಕಣ್ಣು ಮುಚ್ಚಿದೆ. ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ಸ್ವಲ್ಪ ಸಮಾಧಾನವೂ ಆಯಿತು. ಆದರೆ ಸಾಹೇಬರು ಎರಡು ಹೆಜ್ಜೆ ಹಿಂದಕ್ಕೆ ಸರಿದು, ಎದೆಯ ಮೇಲೆ ಕೈಯಿಟ್ಟು, "ನೋಡಿ, ಯಾರದೋ ಕೋಳಿ! ತಾಯಿಯಿಲ್ಲದ ಮರಿಗಳ ಸದ್ದು ಕೇಳಿ ಓಡಿ ಬಂದಿದೆ. ಮಾತೃಹೃದಯ ಅಂದರೆ ಇದು" ಎಂದು ಹತ್ತು ನಿಮಿಷ ಮಾತಾಡಿದರು. ಹೆಡ್‌ಮಾಸ್ಟರು ಚಪ್ಪಾಳೆ ಹೊಡೆಸಿದರು. ಕೋಳಿಯೂ ಸೇರಿದಂತೆ ಯಾರಿಗೂ ನಗು ಬರಲಿಲ್ಲ.

ಸಂಜೆ ಮರಿಗಳನ್ನು ಹೊತ್ತು ನಾನೇ ಅವಳ ಮನೆಗೆ ಹೋದೆ. ಅಜ್ಜಿ ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಎದ್ದು ಮಣೆ ಹಾಕಿದಳು. ಬೈಯಲಿಲ್ಲ. ಬೈದಿದ್ದರೆ ಅಲ್ಲಿಂದ ಎದ್ದು ಬರುವುದು ಸುಲಭವಾಗುತ್ತಿತ್ತು.

"ನೀವು ಪೆಟ್ಗೇಲಿ ಮಡಗಿದ್ ದಿನ್ವೇ ಇವ್ಳೂ ಮಡಗ್ಸುದ್ಳು ಸಾ" ಎಂದಳು. "ಅಮಾಸೆ ಕಳೀಲಿ ಕಣವ್ವಾ ಅಂದ್ರೂ ಕೇಳ್ನಿಲ್ಲ. ಒಂದೇ ದಿನ ಆಗ್ಬೇಕು, ಆಗ್ಲೇ ಗೊತ್ತಾಗೋದು ಅಂತ ಅಳ್ತಾ ಕುಂತ್ಬುಟ್ಲು. ಅನ್ನೊಂದು ಮೊಟ್ಟೆ ಮಡಗುದ್ವಿ, ಒಂಬತ್ತಾದೊ."

ಅಜ್ಜಿ ತೋರಿಸಿದ ಕಡೆ ನೋಡಿದೆ. ಸುಣ್ಣದ ಗೋಡೆಯ ಮೇಲೆ ಇದ್ದಿಲಿನಲ್ಲಿ ಎರಡು ಸಾಲು ಗೀಟುಗಳಿದ್ದವು. ಒಂದರ ತಲೆಯ ಮೇಲೆ ಬಲ್ಬಿನ ಚಿತ್ರ, ಇನ್ನೊಂದರ ಮೇಲೆ ಕೋಳಿಯದು. ದಿನಕ್ಕೊಂದರಂತೆ ಬಲ್ಬಿನದರಲ್ಲಿ ಇಪ್ಪತ್ತು ಗೀಟು, ಕೋಳಿಯದರಲ್ಲಿ ಇಪ್ಪತ್ತೊಂದು. ಕೋಳಿಯ ಸಾಲಿನ ಕೊನೆಗೆ ಒಂಬತ್ತು ಚುಕ್ಕೆ. ಬಲ್ಬಿನ ಸಾಲಿನ ಕೊನೆಗೆ ಏನೂ ಇರಲಿಲ್ಲ. ನನ್ನನ್ನು ಹಂಗಿಸುವ ಒಂದು ಗೆರೆಯೂ ಇರಲಿಲ್ಲ. ಬಿಸಿಲಿನಲ್ಲಿ ನಿಂತು ಬಂದ ದಿನವೇ ಈ ಮಗು ಮನೆಗೆ ಹೋಗಿ, ಯಾರ ಸುತ್ತೋಲೆಯೂ ಇಲ್ಲದೆ, ಒಂದು ಪ್ರಯೋಗ ಶುರು ಮಾಡಿದ್ದಳು. ಆ ಶಾಲೆಯ ಇತಿಹಾಸದಲ್ಲಿ ನಡೆದ ಒಂದೇ ಒಂದು ಪ್ರಯೋಗ. ಅದರ ಫಲವನ್ನು ನಾನು ಮಂಕರಿಯಲ್ಲಿ ತರಿಸಿಕೊಂಡು, ನನ್ನದೆಂದು ಅವಳ ಬಾಯಲ್ಲೇ ಹೇಳಿಸಿದ್ದೆ. ಇದ್ದಿಲು ಗುಡುಗನ್ನು ತಡೆಯುತ್ತದೋ ಇಲ್ಲವೋ, ನನಗೆ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದು ಹೇಳುವುದನ್ನಾದರೂ ಆ ಗೋಡೆ ನನಗೆ ಕಲಿಸಿತು.

ಮಾರನೆಯ ದಿನ ತರಗತಿಯಲ್ಲಿ ತಪ್ಪು ಒಪ್ಪಿಕೊಂಡೆ. ಫಾರಂ ಮೊಟ್ಟೆಯ ವಿಷಯ ನನಗೆ ತಿಳಿದಿರಲಿಲ್ಲ, ನಿಜ ಹೇಳಿದವಳನ್ನು ಹೊರಗೆ ನಿಲ್ಲಿಸಿದೆ, ಆಮೇಲೆ ನಿಮ್ಮೆಲ್ಲರ ಮುಂದೆ ಸುಳ್ಳು ಆಡಿಸಿದೆ ಎಂದೆ. ಮಕ್ಕಳು ತಲೆ ತಗ್ಗಿಸಿ ಕೂತರು, ಮೇಷ್ಟ್ರ ಪಂಚೆ ಜಾರಿದ್ದನ್ನು ಕಂಡವರಂತೆ. ಅವಳನ್ನು ಎಬ್ಬಿಸಿ, "ಕ್ಷಮಿಸಮ್ಮಾ" ಎಂದೆ.

"ಬುಡಿ ಸಾ" ಎಂದಳು. ಕೂತುಕೊಂಡಳು.

ಹೆಡ್‌ಮಾಸ್ಟರ ಕೋಣೆಯಲ್ಲಿ ಸಾಹೇಬರೂ ಮರಿಗಳೂ ಇರುವ ಫೋಟೋಗೆ ಕಟ್ಟು ಹಾಕಿಸಿದ್ದಾರೆ. ಅವಳು ಅದರ ಮೂಲೆಯಲ್ಲಿ, ಅರ್ಧ ಮುಖ ಕಾಣುವಂತೆ ನಿಂತಿದ್ದಾಳೆ. ಆಮೇಲಿನ ವಾರಗಳಲ್ಲಿ ಅವಳ ತಲೆಯೂ ಉಳಿದ ಮೂವತ್ತೊಂಬತ್ತರ ಹಾಗೆ ಮೇಲೆ ಕೆಳಗೆ ಆಡತೊಡಗಿತು. ಟೆಸ್ಟಿನಲ್ಲಿ ಮರಿಯಾಗಲು ಏನು ಬೇಕು ಎಂಬ ಪ್ರಶ್ನೆಗೆ ಉಷ್ಣತೆ, ತೇವಾಂಶ, ದಿನಕ್ಕೆ ಮೂರು ಸಲ ತಿರುಗಿಸುವುದು ಎಂದು ನಾನು ಮೊದಲ ದಿನ ಹೇಳಿದ್ದನ್ನೇ ಬರೆದಿದ್ದಳು. ಹುಂಜ ಇರಲಿಲ್ಲ.

ಸಹಿಸಲಾಗದೆ ಒಂದು ದಿನ ಒಂದು ಕೆಲಸ ಮಾಡಿದೆ. ನಮ್ಮ ಶಾಲೆಯ ಮುಂದಿನ ಆಲದ ಮರದ ತುಂಬ ಬಾವಲಿಗಳು ಜೋತಾಡುತ್ತವೆ. ಹೊಟ್ಟೆಗೆ ಮರಿ ಕಚ್ಚಿಕೊಂಡು ಹಾರುವ ಬಾವಲಿಯನ್ನು ಕಾಣದ ಮಗು ಆ ಊರಿನಲ್ಲಿಲ್ಲ. ಬೋರ್ಡಿನ ಮೇಲೆ ಬರೆದೆ: 'ಬಾವಲಿ ಒಂದು ಹಕ್ಕಿ. ಅದು ಗೂಡು ಕಟ್ಟಿ ಮೊಟ್ಟೆ ಇಡುತ್ತದೆ.' ಬರೆದು, ಸೀಮೆಸುಣ್ಣ ಕೈಯಲ್ಲೇ ಹಿಡಿದು, ಮೂರನೇ ಸಾಲಿನ ಕಡೆ ತಿರುಗಿ ನಿಂತೆ.

ಅವಳು ಬೋರ್ಡು ಓದಿದಳು. ಕಿಟಕಿಯಿಂದ ಮರದ ಕಡೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು. ಹೇಳು ತಾಯಿ, ಎಂದು ಮನಸ್ಸಿನಲ್ಲೇ ಬೇಡಿಕೊಂಡೆ. ಅವಳು ತಲೆ ಬಗ್ಗಿಸಿ ಬರೆದುಕೊಳ್ಳತೊಡಗಿದಳು. ಹತ್ತಿರ ಹೋಗಿ ನೋಡಿದೆ. ಅಕ್ಷರ ದುಂಡಗಿತ್ತು, ಒಂದೂ ತಪ್ಪಿರಲಿಲ್ಲ.